ಟಗರು ಹಾದದ್ದಲ್ಲ

ಭೀಮಾಬಾಯಿಯ ಎಡಗಣ್ಣು ಹೋದದ್ದು ಟಗರು ಹಾದು. ಹಟ್ಟಿಯಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ದವಾಖಾನೆಯ ಚೀಟಿಯಲ್ಲೂ ಅದೇ ಇತ್ತು, ಡಾಕ್ಟರ ಸಹಿ ಸಮೇತ. ಸರದಾರ ಎಂಬ ಹೆಸರಿನ ಆ ಟಗರು ಮಾತ್ರ ಹುಟ್ಟಿದಂದಿನಿಂದ ಒಂದು ನಾಯಿಯ ಮೇಲೂ ಏರಿ ಹೋದದ್ದಿಲ್ಲ. ತಾಯಿ ಸತ್ತ ಮರಿಯೆಂದು ಭೀಮಾಬಾಯಿಯ ಗಂಡ ಹಾಲಸಿದ್ದ ತೊಡೆಯ ಮೇಲೆ ಮಲಗಿಸಿಕೊಂಡು ಬಾಟಲಿಯ ಹಾಲು ಕುಡಿಸಿ ಸಾಕಿದ್ದ. ಹಟ್ಟಿಯ ಹುಡುಗರು ಕೋಡಿಗೆ ಜೋತುಬಿದ್ದರೂ ಅದು ಮೆಲುಕು ಹಾಕುತ್ತ ನಿಂತಿರುತ್ತಿತ್ತು. ಬಾಯಿ ಇದ್ದಿದ್ದರೆ ಏನು ಹೇಳುತ್ತಿತ್ತೋ! ಬಾಯಿ ಇದ್ದವರೇ ಹಲ್ಲು ಕಚ್ಚಿ ಕೂತಿದ್ದರು, ಅದರ ಮಾತೆಲ್ಲಿ ಬಂತು.

ನಿಜ ಏನೆಂದು ಕಣ್ಣಾರೆ ಕಂಡವಳು ಮಗಳು ಅನುಸೂಯಾ. ಮುಗಳಖೋಡದ ಆಚೆಗಿನ ಆ ಹಟ್ಟಿಯಲ್ಲಿ ಕುರಿ ಕಾಯುವವರ ಹನ್ನೆರಡು ಮನೆ. ಅಜ್ಜ ಮುತ್ತಜ್ಜರ ಕಾಲದಿಂದ ಅವರ ಕುರಿ ಮೇಯ್ದದ್ದು ಊರ ಗಾಯರಾಣದಲ್ಲಿ, ಅಂದರೆ ದನಕುರಿ ಮೇಯಲೆಂದೇ ಬಿಟ್ಟ ಹದಿನೆಂಟು ಎಕರೆ ಹುಲ್ಲುಗಾವಲಿನಲ್ಲಿ. ಸಂಗ್ರಾಮ ಎಂಬ ಆಸಾಮಿ ಒಂದು ಬದಿಯಿಂದ ಕಬ್ಬು ಹಚ್ಚುತ್ತ ಬಂದು, ಮೂರು ವರ್ಷದಲ್ಲಿ ಅಷ್ಟನ್ನೂ ನುಂಗಿ ನೀರು ಕುಡಿದಿದ್ದ. ಹೋದ ವರ್ಷ ಶ್ರಾವಣದಲ್ಲಿ ಭೀಮಾಬಾಯಿ ಕಬ್ಬಿನ ಬದುವಿಗೆ ಕುರಿ ಬಿಟ್ಟಳು. ಸಂಗ್ರಾಮ ಬಂದವನೇ, ಮಾತಿಲ್ಲ ಕಥೆಯಿಲ್ಲ, ಕಬ್ಬು ಕಡಿಯುವ ಕೊಯ್ತಾದ ಹಿಡಿಯನ್ನು ಅವಳ ಮುಖಕ್ಕೆ ಬೀಸಿದ. ಇಪ್ಪತ್ತು ಹೆಜ್ಜೆ ಹಿಂದಿದ್ದ ಅನುಸೂಯಾಗೆ ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ, ಒಣ ಸೋರೆಬುರುಡೆ ಒಡೆದಂತೆ.

ಆಮೇಲೆ ಹಿರಿಯರು ಕೂತರು. ಪೊಲೀಸರ ಬಾಗಿಲು ತುಳಿದರೆ ನಾಳೆ ಕುರಿ ಅಟ್ಟಲು ದಾರಿಯೇ ಇರುವುದಿಲ್ಲ ಎಂದರು. ಬೀರಪ್ಪನ ಗುಡಿಯಲ್ಲಿ ಎರಡೂ ಕಡೆಯವರು ಭಂಡಾರ ಮುಟ್ಟಿದರು. ದೇವರ ಮುಂದಿನ ಆ ಅರಿಶಿನ ಪುಡಿ ಕೈಯಲ್ಲಿ ಹಿಡಿದು ಆಡಿದ ಮಾತು ಮುರಿದರೆ ಮನೆತನ ಉಳಿಯುವುದಿಲ್ಲ ಎಂಬುದು ಹಟ್ಟಿಯ ನಂಬಿಕೆ. ಹಟ್ಟಿಯ ಮನುಷ್ಯರ ಮೇಲಾಗಲಿ ಪ್ರಾಣಿಗಳ ಮೇಲಾಗಲಿ ಇನ್ನು ಕೈ ಎತ್ತುವುದಿಲ್ಲ ಎಂದು ಸಂಗ್ರಾಮ ಹೇಳಿದ. ಈ ಸಂಗತಿಯಲ್ಲಿ ನಿನ್ನ ಹೆಸರು ನಮ್ಮ ಯಾರ ಬಾಯಲ್ಲೂ ಬರುವುದಿಲ್ಲ ಎಂದು ಹಾಲಸಿದ್ದ ಹೇಳಿದ. ಕಣ್ಣು ಕಳೆದುಕೊಂಡವಳನ್ನು ಯಾರೂ ಏನೂ ಕೇಳಲಿಲ್ಲ. ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಲ್ಲ, ಟಗರಿನ ತಲೆಗೆ ಕಟ್ಟಿದರು.

ಅನುಸೂಯಾ ರಾಯಬಾಗದಲ್ಲಿ ಬಿ.ಎ. ಮುಗಿಸಿ, ಹಟ್ಟಿಯ ಹೆಂಗಸರ ಸಂಘದ ಕಾಗದಪತ್ರ ನೋಡಿಕೊಳ್ಳುತ್ತಿದ್ದಳು. ಯಾರದೇ ಅರ್ಜಿ ಇರಲಿ, ಅವಳೇ ಬರೆಯಬೇಕು. ಈಗ ಅವಳ ಜೀವವೆಲ್ಲ ಒಂದೇ ಕಾಗದದ ಮೇಲಿತ್ತು. ಪುಣೆಯ ಒಂದು ಸಂಸ್ಥೆ ಮೇವು ಬೆಳೆಸುವ ಯೋಜನೆಗೆ ಅನುದಾನ ಕೊಡುತ್ತದಂತೆ. ಅದು ಸಿಕ್ಕರೆ ಪಂಚಾಯಿತಿ ಗಾಯರಾಣವನ್ನು ಅಳೆದು ಬೇಲಿ ಹಾಕಿ ಸಂಘದ ಕೈಗೆ ಕೊಡಲೇಬೇಕು. ಸಿಗದಿದ್ದರೆ ಬರುವ ಬೇಸಿಗೆಗೆ ಹನ್ನೆರಡೂ ಮನೆಯ ಕುರಿ ಕಸಾಯಿಯ ಪಾಲು.

ಮೊದಲ ಸಲ ಬರೆದದ್ದನ್ನು ಸಂಸ್ಥೆಯ ತ್ರಿಶಲಾ ಮೇಡಂ ಚಿಕ್ಕೋಡಿಯ ಆಫೀಸಿನಲ್ಲಿ ಮುಂದಿಟ್ಟುಕೊಂಡು ಕೂತಿದ್ದಳು. ಶೇಡಬಾಳದ ಒಕ್ಕಲು ಮನೆಯ ಹೆಣ್ಣು, ನೆಟ್ಟಗೆ ಮಾತಾಡುವವಳು. ಕಾಗದದ ತುಂಬ ಕೆಂಪು ಮಸಿ. 'ನಮ್ಮ ಹಟ್ಟಿಯ ಜನರು ಮೇವಿನ ಕೊರತೆಯಿಂದ ತೊಂದರೆ ಅನುಭವಿಸುತ್ತಿದ್ದಾರೆ' ಎಂಬ ಸಾಲಿನ ಪಕ್ಕ ನಾಲ್ಕು ಪ್ರಶ್ನೆ: ಯಾರು? ಎಷ್ಟು? ಎಂದಿನಿಂದ? ಯಾಕೆ?

"ಸಿಟ್ಟಾಗಬ್ಯಾಡ್ರಿ ಅನುಸೂಯಾ, ಇದನ್ನ ಓದಿದ್ರ ನನಗ ನಿದ್ದಿ ಬರ್ತೈತಿ," ಎಂದಳು ತ್ರಿಶಲಾ. "ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು ಅಂತ ಬರದೀರಿ. ಮದ್ಲ ಸಮಸ್ಯೆ. ಆಮ್ಯಾಲ ಅದು ಯಾರ ಸಮಸ್ಯೆ. ನೀವೇನ ಮಾಡ್ತೀರಿ, ಮಾಡಿದ್ರ ಏನ ಬದಲಾಗ್ತೈತಿ, ಬದಲಾಗೇತಿ ಅನ್ನೂದು ಹ್ಯಾಂಗ ಗೊತ್ತಾಗ್ತೈತಿ. ಕಡೀಕ ಅಪಾಯ, ಅಂದ್ರ ಈ ಕೆಲಸ ಎಲ್ಲಿ ಮುರೀಬಹುದು ಅನ್ನೂದು. ಇವೆಲ್ಲಾ ಸರಪಳಿ ಹಂಗ ಕೂಡಬೇಕ್ರಿ. ನಿಮ್ಮದ್ರಾಗ ಮದಲನೇ ಕೊಂಡೀನ ಇಲ್ಲ."

"ಕುರಿಗೆ ಹುಲ್ಲಿಲ್ಲ ಅನ್ನೂದ ಸಮಸ್ಯೆ ಅಲ್ಲೇನ್ರಿ ಮೇಡಂ?"

"ಯಾಕಿಲ್ಲ? ಮಳಿ ಆಗೇತಿ, ನೆಲಾ ಐತಿ, ಹುಲ್ಲ ಎಲ್ಲಿ ಹೋತು? ಪುಣೇದಾಗ ಕುಂತವರು ನಿಮ್ಮ ಹಟ್ಟಿ ಕಂಡಿಲ್ಲ. ಅವರಿಗೆ ಒಬ್ಬಾಕಿದು ಒಂದ್ ದಿನಾ ತೋರಸ್ರಿ. ಹೆಸರ ಇರಲಿ, ತಾರೀಖ ಇರಲಿ." ತ್ರಿಶಲಾ ಪೆನ್ನು ಕೆಳಗಿಟ್ಟಳು. "ನಿಮ್ಮವ್ವನ ಕಣ್ಣಿಗೆ ಏನಾಗೇತ್ರಿ? ಹೋದ ಸಲ ನಿಮ್ಮ ಕೂಡ ಬಂದಿದ್ರಲ್ಲ."

"ಟಗರು ಹಾಯ್ತ್ರಿ," ಎಂದಳು ಅನುಸೂಯಾ. ನಾಲಿಗೆಗೆ ಅಷ್ಟು ರೂಢಿಯಾಗಿತ್ತು.

ಬಸ್ಸಿನಲ್ಲಿ ತಿರುಗಿ ಬರುವಾಗ ಕೆಂಪು ಮಸಿಯ ಆ ನಾಲ್ಕು ಪ್ರಶ್ನೆಗಳನ್ನು ಮತ್ತೆ ಮತ್ತೆ ಓದಿದಳು. ಮರುದಿನ ಜಾಲಿಯ ಮರದ ಕೆಳಗೆ ಕುರಿ ಕಾಯುತ್ತ ಅವಳು ಹೊಸ ಹಾಳೆ ತೆಗೆದಳು. ಭಂಡಾರದ ಮಾತು ನೆನಪಿರಲಿಲ್ಲವೆಂದಲ್ಲ. ಹಗಲೆಲ್ಲ ಅದನ್ನೇ ಮಗುಚಿ ಹಾಕಿದಳು. ಅಪ್ಪ ಆಣೆ ಮಾಡಿದ್ದು ಬಾಯಿಯದು, ಕಾಗದಕ್ಕೆ ಬಾಯಿ ಎಲ್ಲಿದೆ? ನಾನು ಯಾರ ಮುಂದೂ ಹೆಸರು ಎತ್ತುವುದಿಲ್ಲ, ಬರೆಯುತ್ತೇನೆ ಅಷ್ಟೆ. ಬೀರಪ್ಪ ಓದು ಬಾರದ ಕುರುಬರ ದೇವರು, ಬರಹದ ತಂಟೆಗೆ ಬರಲಿಕ್ಕಿಲ್ಲ. ಓದಿದ ಹುಡುಗಿ ಹೀಗೆ ದೇವರಿಗೇ ಕಾಯಿದೆ ಹೇಳಿದಳು. ಇದಕ್ಕಿಂತ ದೊಡ್ಡ ಹುಚ್ಚುತನ ಇನ್ನೊಂದಿಲ್ಲ, ಆದರೆ ಆ ಹೊತ್ತಿಗೆ ಅವಳಿಗೆ ಅದು ಬಲು ಜಾಣತನವೆಂದೇ ಕಂಡಿತು.

'ಭೀಮಾಬಾಯಿ, ವಯಸ್ಸು ಐವತ್ತೆರಡು. ಕಳೆದ ಶ್ರಾವಣದ ಎರಡನೇ ಸೋಮವಾರ ಮುಂಜಾನೆ ನಲವತ್ತು ಕುರಿಗಳೊಂದಿಗೆ ಗಾಯರಾಣಕ್ಕೆ ಹೋದರು. ಅಲ್ಲಿ ಹುಲ್ಲಿರಲಿಲ್ಲ, ಸಂಗ್ರಾಮ ಎಂಬವರ ಕಬ್ಬು ಇತ್ತು. ಭೀಮಾಬಾಯಿ ಒಂದು ಕಣ್ಣಿನೊಂದಿಗೆ ಮನೆಗೆ ಬಂದರು. ದವಾಖಾನೆಯ ಚೀಟಿಯಲ್ಲಿ ಟಗರು ಹಾದದ್ದೆಂದು ಇದೆ. ಟಗರು ಹಾದದ್ದಲ್ಲ.'

ಬರೆದು ಓದಿಕೊಂಡಳು. ಮೊದಲ ಕೊಂಡಿ ಬಿದ್ದ ಮೇಲೆ ಉಳಿದವು ತಾವಾಗಿ ಕೂಡಿಕೊಂಡವು: ಹನ್ನೆರಡು ಮನೆ, ನಾನೂರು ಕುರಿ, ಬೇಲಿ, ನೀರಿನ ತೊಟ್ಟಿ, ಹೆಂಗಸರದೇ ಪಾಳಿ ಕಾವಲು. ಅಪಾಯ ಎಂಬಲ್ಲಿಗೆ ಬಂದಾಗ ಪೆನ್ನು ತಡೆಯಿತು. 'ಮಳೆ ಕೈಕೊಟ್ಟರೆ ಹುಲ್ಲು ಬೆಳೆಯುವುದು ತಡವಾಗಬಹುದು' ಎಂದು ಬರೆದು ಮುಗಿಸಿದಳು. ಅವ್ವ ಹತ್ತಿರದಲ್ಲೇ ಕಂಬಳಿಯ ಮೇಲೆ ಕೂತು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು.

"ಏನ ಬರಿಯಾಕತ್ತೀ ಬೇ ಅಷ್ಟ?"

"ಸಂಘದ್ದವ್ವಾ, ಅರ್ಜಿ."

ಅವಳ ಕಣ್ಣಿನ ಕಥೆ ಬರೆದೂ ಅವಳನ್ನು ಒಂದು ಮಾತು ಕೇಳಲಿಲ್ಲ.

ತ್ರಿಶಲಾ ಓದಿ ಮುಗಿಸಿ, "ಗುರುವಾರ ನಾನ ಬಂದು ಜಾಗಾ ನೋಡ್ತೀನ್ರಿ. ಅಷ್ಟೊತ್ತಿಗೆ ಪಂಚಾಯ್ತಿ ಒಪ್ಪಿಗಿ ಪತ್ರ ತಗೊಂಡಿರ್ರಿ," ಎಂದಳು. ಒಪ್ಪಿಗೆ ಬೇಕಾದರೆ ಯೋಜನೆಯ ಒಂದು ಪ್ರತಿ ಲಗತ್ತಿಸಬೇಕು. ಪಂಚಾಯಿತಿಯಲ್ಲಿ ಕೂರುವ ಉತ್ತಮ ಎಂಬ ಕಾರಕೂನ ಮೊದಲ ಪುಟ ಓದಿದ, ಅವಳ ಮುಖ ನೋಡಿದ, ಮತ್ತೆ ಓದಿದ. "ನಾಳೆ ಬಾ," ಎಂದ. ಅವಳು ಹೊರಗೆ ಬಿದ್ದದ್ದೇ ತಡ, ಮೊಬೈಲು ತೆಗೆದು ಪುಟದ ಫೋಟೋ ಹೊಡೆದು, ಗುರುವಾರ ಮೇಡಂ ಬರುವ ಸುದ್ದಿಯೊಂದಿಗೆ ಸಂಗ್ರಾಮನಿಗೆ ಕಳಿಸಿದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು.

ಮಂಗಳವಾರ ಮುಂಜಾನೆ ಎಂಟರ ಹೊತ್ತಿಗೆ ಟ್ರ್ಯಾಕ್ಟರ್ ಬಂತು. ಟ್ರೇಲರಿನಲ್ಲಿ ಆರು ಜನ, ಎಲ್ಲರ ಕೈಯಲ್ಲೂ ಕೊಯ್ತಾ. ಕುರಿಗಳಿನ್ನೂ ದಡ್ಡಿಯಲ್ಲಿದ್ದವು. ಸಂಗ್ರಾಮ ಇಳಿದು ದಡ್ಡಿಯ ಮುಳ್ಳಿನ ಬಾಗಿಲನ್ನು ಕಾಲಿನಿಂದ ಒದ್ದು, ಹಾಲಸಿದ್ದನ ಮುಂದೆ ಮೊಬೈಲು ಹಿಡಿದ.

"ಓದಾಕ ಬರೂದಿಲ್ಲಲ್ಲೋ ನಿನಗ? ನಾ ಹೇಳ್ತೀನಿ ಕೇಳು. ನನ್ನ ಹೆಸರ ಬರದಾಳ ನಿನ್ನ ಮಗಳು. ಭಂಡಾರ ಮುಟ್ಟಿದ್ಯೋ ಇಲ್ಲೋ?"

ಹಾಲಸಿದ್ದ ಮಗಳ ಕಡೆ ನೋಡಿದ. ಅನುಸೂಯಾ ಅಪ್ಪನ ಹತ್ತಿರ ಬಂದಳು. "ಬಾಯಿಲೆ ಹೇಳಿಲ್ಲಪ್ಪಾ," ಎಂದಳು, "ಬರದೀನಿ ಅಷ್ಟ."

"ಕೇಳಿದ್ರೇನಲೇ? ಬರದಾಳಂತ ಅಷ್ಟ!" ಸಂಗ್ರಾಮ ನಕ್ಕ. "ಭಂಡಾರ ನೀವ ಮುರದೀರಿ. ಈಗ ನನ್ನ ಕೈಗೂ ಕಟ್ಟಿಲ್ಲ."

ಆತ ಮೊದಲು ಹೋದದ್ದು ಸರದಾರನ ಹತ್ತಿರ. ಮನುಷ್ಯರನ್ನು ನಂಬಿ ಬೆಳೆದ ಪ್ರಾಣಿ, ಬಂದವನ ಕೈಯಲ್ಲಿ ಏನೋ ತಿನ್ನಲಿಕ್ಕಿದೆ ಎಂದು ಮೂತಿ ಮುಂದೆ ಚಾಚಿತು. ಸಂಗ್ರಾಮ ಕೋಡು ಹಿಡಿದು ಕತ್ತು ಓರೆ ಮಾಡಿ ಹೊಡೆದ. ಒಂದೇ ಏಟಿಗೆ ಸಾಯಲಿಲ್ಲ. ಮೊಣಕಾಲೂರಿತು, ಎದ್ದಿತು, ಮತ್ತೆ ಹಾಲಸಿದ್ದನ ಕಡೆಗೇ ನಾಲ್ಕು ಹೆಜ್ಜೆ ಬಂತು. ಎರಡನೇ ಏಟಿಗೆ ತಲೆ ಬೇರೆಯಾಯಿತು. ಹಾಲಸಿದ್ದ ತಲೆಯ ರುಮಾಲು ಕೈಯಲ್ಲಿ ಹಿಡಿದು ನಿಂತುಬಿಟ್ಟ.

ಉಳಿದವರು ದಡ್ಡಿಯೊಳಗೆ ನುಗ್ಗಿದರು. ಕುರಿಗಳು ಒಂದರ ಮೇಲೊಂದು ಏರಿ ಮುಳ್ಳಿಗೆ ಬಿದ್ದವು. ಕಬ್ಬು ಕಡಿದ ಹಾಗೆ ಕಡಿಯುತ್ತ ಹೋದರು ಪಾಪಿಗಳು, ಕಾಲು, ಬೆನ್ನು, ಸಿಕ್ಕಿದ್ದು. ಅನುಸೂಯಾಳ ಅಣ್ಣ ಮಾಳೇಶ ಗುಡಿಸಲಿನೊಳಗಿಂದ ಕೊಡಲಿ ಹಿಡಿದು ಹಾರಿ ಬಂದ. ಒಬ್ಬನ ಭುಜಕ್ಕೆ ಬೀಸಿದ, ರಕ್ತ ಚಿಮ್ಮಿತು, ಅವನು ಕಿರುಚುತ್ತ ಬಿದ್ದ. ಅಷ್ಟರಲ್ಲಿ ಹಿಂದಿನಿಂದ ಇಬ್ಬರು ಮಾಳೇಶನ ಕಾಲಿಗೆ ಕೊಯ್ತಾದ ಬೆನ್ನಿನಿಂದ ಹೊಡೆದು ಕೆಡವಿ, ಬಿದ್ದವನನ್ನು ಚಪ್ಪಲಿ ಕಾಲಿನಿಂದ ತುಳಿದರು. ಪಕ್ಕೆಲುಬು ಮುರಿದದ್ದು ಅನುಸೂಯಾಗೆ ಕೇಳಿಸಿತು. ಅವಳು ಅಣ್ಣನ ಮೇಲೆ ಅಡ್ಡ ಬಿದ್ದಳು. ಸಂಗ್ರಾಮ ಅವಳನ್ನು ಜಡೆ ಹಿಡಿದು ಎಬ್ಬಿಸಿ ನೀರಿನ ಕಲ್ಲುದೋಣಿಯ ಹತ್ತಿರ ಎಳೆದೊಯ್ದ.

"ಯಾವ ಕೈಲೆ ಬರದೀ?"

ಅವಳು ಕೈ ಹಿಂದಕ್ಕೆಳೆದಳು. ಬಲಗೈಯ ಬೆರಳಿಗೆ ಮಸಿ ಅಂಟಿತ್ತು, ಅದೇ ಹೇಳಿತು. ಆ ಕೈಯನ್ನು ದೋಣಿಯ ಅಂಚಿಗೆ ಒತ್ತಿ ಹಿಡಿದು ಕೊಯ್ತಾದ ಬೆನ್ನಿನಿಂದ ಮೂರು ಸಲ ಹೊಡೆದ. ಮೊದಲನೆಯದಕ್ಕೆ ಕೂಗಿದಳು. ಎರಡನೆಯದಕ್ಕೆ ಕಣ್ಣು ಕತ್ತಲಾಯಿತು. ಮೂರನೆಯದು ಅವಳಿಗೆ ಗೊತ್ತಾಗಲಿಲ್ಲ.

ಎಚ್ಚರವಾದಾಗ ಅಪ್ಪ ತನ್ನ ರುಮಾಲನ್ನು ಸಂಗ್ರಾಮನ ಕಾಲ ಮೇಲಿಟ್ಟು ಕೂತಿದ್ದ. ಸಂಗ್ರಾಮ ನಿಧಾನವಾಗಿ, ಒಕ್ಕಲುತನದ ಮಾತಾಡಿದಷ್ಟು ನಿಧಾನವಾಗಿ ಹೇಳುತ್ತಿದ್ದ: "ಗುರುವಾರ ಆ ಬಾಯಿ ಬರ್ತಾಳಲ್ಲ, ನಾನೂ ಇರ್ತೀನಿ. ಗಾಯರಾಣದ ತಕರಾರ ಇಲ್ಲ, ತಪ್ಪಿ ಬರದೀವಿ ಅನ್ರಿ. ಕಣ್ಣಿಗೆ ಟಗರು ಹಾದೇತಿ, ಕೈಗೂ ಟಗರು ಹಾದೇತಿ. ತಿಳೀತಿಲ್ಲೋ? ಇಲ್ಲಂದ್ರ ಮಗಾ ಉಳಿಯೂದಿಲ್ಲ."

ಹದಿನೇಳು ಕುರಿ ಸತ್ತಿದ್ದವು. ಹೆಂಗಸರು ಬಾಯಿ ಬಡಿದುಕೊಳ್ಳುತ್ತ ಗುಂಡಿ ತೋಡಿದರು. ಊರ ವೈದ್ಯ ಒಬ್ಬ ಬಂದು ಅನುಸೂಯಾಳ ಕೈಗೆ ಬಿದಿರಿನ ಸೀಳು ಕಟ್ಟಿ ಹೋದ. ಮಾಳೇಶನನ್ನು ದೊಡ್ಡ ದವಾಖಾನೆಗೆ ಒಯ್ಯಲು ಸಂಗ್ರಾಮನ ಮಂದಿ ಬಿಡಲಿಲ್ಲ, ಗುರುವಾರ ಮುಗಿಯಲಿ ಎಂದರು. ಉಸಿರೆಳೆದರೆ ಅವನ ಎದೆಯಲ್ಲಿ ಏನೋ ಗೊರಗೊರ ಅನ್ನುತ್ತಿತ್ತು. ಭೀಮಾಬಾಯಿ ಮಗಳ ತಲೆಯ ಹತ್ತಿರ ಕೂತು ಒಂದೇ ಮಾತಾಡಿದಳು.

"ನನ್ನ ಕಣ್ಣ ಬರದಿ. ನನ್ನ ಕೇಳಲಿಲ್ಲ."

"ತಪ್ಪಾತವ್ವಾ," ಎಂದು ಅನುಸೂಯಾ ಅತ್ತಳು. ಅವ್ವ ಎದ್ದು ಹೊರಗೆ ಹೋದಳು. ಗುಂಡಿ ಮುಚ್ಚುವ ಕಡೆ ಅವಳು ಏನೋ ಜಗಳ ತೆಗೆದದ್ದು ಒಳಗೆ ಕೇಳಿಸಿತು, ಏನೆಂದು ತಿಳಿಯಲಿಲ್ಲ.

ಗುರುವಾರ ಹತ್ತು ಗಂಟೆಗೆ ತ್ರಿಶಲಾಳ ಜೀಪು ಬಂತು. ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಸಂಗ್ರಾಮ ಮನೆ ಯಜಮಾನನ ಹಾಗೆ ಕೂತಿದ್ದ. ಇಬ್ಬರು ಅವನ ಹಿಂದೆ, ಒಬ್ಬ ಮಾಳೇಶ ಮಲಗಿದ್ದ ಗುಡಿಸಲ ಬಾಗಿಲಲ್ಲಿ. "ಬರ್ರಿ ಬರ್ರಿ ಮೇಡಂ, ಚಹಾ ತಗೋರಿ," ಎಂದ. ತ್ರಿಶಲಾ ಚಹಾ ಮುಟ್ಟಲಿಲ್ಲ. ಬಟ್ಟೆ ಸುತ್ತಿದ ಅನುಸೂಯಾಳ ಕೈಯನ್ನೇ ನೋಡುತ್ತಿದ್ದಳು.

"ಇದೇನ್ರಿ ಇದು ಕೈಗೆ?"

ಅನುಸೂಯಾ ಗುಡಿಸಲ ಬಾಗಿಲಿನ ಕಡೆ ನೋಡಿದಳು. ನಿಜ ಹೇಳಿದರೆ ಒಳಗಿದ್ದ ಅಣ್ಣ ಹೋಗುತ್ತಾನೆ, ಹೇಳದಿದ್ದರೆ ಗಾಯರಾಣ ಹೋಗುತ್ತದೆ.

"ಟಗರು ಹಾಯ್ತ್ರಿ," ಎಂದ ಹಾಲಸಿದ್ದ. ನೆಲ ನೋಡುತ್ತ ಹೇಳಿದ.

"ಇವರ ಕಣ್ಣಿಗೆ?" ತ್ರಿಶಲಾ ಭೀಮಾಬಾಯಿಯ ಕಡೆ ಕೈ ತೋರಿದಳು.

"ಅದಕ್ಕೂ ಟಗರ್ರಿ. ಹುಡುಗಿ ತಪ್ಪಿ ಬರದಾಳ್ರಿ."

ತ್ರಿಶಲಾ ಮಡಿಲಲ್ಲಿದ್ದ ಕಾಗದ ಮುಚ್ಚಿದಳು. ಸಂಗ್ರಾಮ ಮೀಸೆ ಮೇಲೆ ಕೈಯಾಡಿಸಿದ. ಆಗ ಭೀಮಾಬಾಯಿ ಒಲೆಯ ಮುಂದಿನಿಂದ ಎದ್ದು ದಡ್ಡಿಯ ಹಿಂದೆ ಹೋದಳು. ಬರುವಾಗ ಕಂಬಳಿಯ ಒಂದು ಗಂಟು ಎದೆಗವಚಿ ತಂದಳು, ನೊಣಗಳು ಅದರ ಹಿಂದೆಯೇ ಬಂದವು. ತ್ರಿಶಲಾಳ ಮುಂದೆ ಇಟ್ಟು ಬಿಚ್ಚಿದಳು. ಸರದಾರನ ತಲೆ, ಗುಂಡಿಗೆ ಹಾಕಗೊಡದೆ ಜಗಳಾಡಿ ಉಳಿಸಿಕೊಂಡದ್ದು. ಕಣ್ಣು ತೆರೆದೇ ಇತ್ತು.

"ಇದ ನೋಡ್ರಿ ಆ ಟಗರು," ಎಂದಳು ಭೀಮಾಬಾಯಿ. "ಮಂಗಳವಾರ ಮುಂಜಾನೆ ಸತ್ತೈತಿ. ನನ್ನ ಮಗಳ ಕೈ ಮುರದದ್ದು ಇದು ಸತ್ತ ಮ್ಯಾಲ. ಸತ್ತ ಟಗರು ಹ್ಯಾಂಗ ಹಾಯ್ತೈತ್ರಿ ಮೇಡಂ? ನೀವು ಓದಿದವರದೀರಿ, ಹೇಳ್ರಿ."

"ಏ ಮುದಕೀ!" ಸಂಗ್ರಾಮ ಎದ್ದು ಬಂದು ಅವಳ ಬಾಯಿಗೆ ಅಂಗೈಯಲ್ಲಿ ಬಾರಿಸಿದ. ಭೀಮಾಬಾಯಿ ಕೆಳಗೆ ಬಿದ್ದಳು. ತುಟಿ ಸೀಳಿ ರಕ್ತ ಬಂತು. ಒರೆಸಿಕೊಳ್ಳಲಿಲ್ಲ. ಬಿದ್ದಲ್ಲಿಂದಲೇ ಬೆರಳು ತೋರಿಸಿ, ಒಂದು ವರ್ಷ ಹಟ್ಟಿಯ ಯಾರ ಬಾಯಲ್ಲೂ ಬಾರದ ಹೆಸರನ್ನು ಹೇಳಿದಳು. "ಸಂಗ್ರಾಮ! ನನ್ನ ಕಣ್ಣ ಒಡದಾಂವ ಇವ. ನನ್ನ ಮಗನ ಎದಿ ಮುರದಾಂವ ಇವ. ಭಂಡಾರ ನನ್ನ ಗಂಡ ಮುಟ್ಯಾನ್ರಿ, ನಾ ಮುಟ್ಟಿಲ್ಲ. ನನ್ನ ಯಾರೂ ಕೇಳೇ ಇಲ್ಲ!"

ಸಂಗ್ರಾಮ ಹೊರಸಿನ ಕೆಳಗಿನ ಕೊಯ್ತಾಕ್ಕೆ ಕೈ ಹಾಕಿದ. ಅದಕ್ಕಿಂತ ಮೊದಲು ಹಾಲಸಿದ್ದ ಅದರ ಮೇಲೆ ಕಾಲಿಟ್ಟ. ಜನ್ಮದಲ್ಲಿ ಯಾರಿಗೂ ಎದುರು ನಿಲ್ಲದ ಆ ಮನುಷ್ಯ ಕುರಿ ಅಟ್ಟುವ ಬಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಸಂಗ್ರಾಮನ ಮೊಣಕೈಗೆ ಹೊಡೆದ. ಎಲುಬು ಲಟಕ್ಕೆಂದಿತು. ಇನ್ನೊಂದು ಏಟು ಕಿವಿಯ ಮೇಲೆ ಬಿತ್ತು. ಹನ್ನೆರಡು ಮನೆಯ ಹೆಂಗಸರು ಎಲ್ಲಿದ್ದರೋ, ಒನಕೆ, ಬಡಿಗೆ, ಒಲೆಯ ಕೊಳ್ಳಿ ಹಿಡಿದು ಬಂದುಬಿಟ್ಟರು. ಬಾಗಿಲಲ್ಲಿದ್ದವನ ಮುಖಕ್ಕೆ ಕೊಳ್ಳಿ ಬಿತ್ತು, ಅವನು ಕೂಗುತ್ತ ಕಬ್ಬಿನೊಳಗೆ ಓಡಿದ. ಉಳಿದಿಬ್ಬರು ಧಣಿಯನ್ನು ಅಲ್ಲೇ ಬಿಟ್ಟು ಟ್ರ್ಯಾಕ್ಟರ್ ಹತ್ತಿದರು. ತ್ರಿಶಲಾ ಪೊಲೀಸರಿಗೆ ಫೋನು ಮಾಡುತ್ತ, "ಸಾಕ್ರಿ, ಸತ್ತಗಿತ್ತಾನು, ಸಾಕ್ರಿ," ಎಂದು ಚೀರುತ್ತಿದ್ದಳು. ಹಾಲಸಿದ್ದ ಬಡಿಗೆ ಬಿಸುಟು ಸರದಾರನ ತಲೆಯ ಹತ್ತಿರ ಕೂತು ಆಗ ಅತ್ತ, ಮಂಗಳವಾರದ ಅಳುವನ್ನೂ ಸೇರಿಸಿ ಅತ್ತ.

ಪೊಲೀಸರು ಬರುವ ತನಕ ಏಳಗೊಡಬಾರದೆಂದು ಹೆಂಗಸರು ಸಂಗ್ರಾಮನನ್ನು ಸುತ್ತುಗಟ್ಟಿ ನಿಂತರು. ಮಾಳೇಶನನ್ನು ಜೀಪಿನಲ್ಲಿ ಮಲಗಿಸಿದರು. ಡ್ರೈವರು ಚಾಲೂ ಮಾಡುವಷ್ಟರಲ್ಲಿ ತ್ರಿಶಲಾ ಅನುಸೂಯಾಳ ಹತ್ತಿರ ಬಂದಳು.

"ಕೇಳ್ರಿ, ಸುಳ್ಳ ಹೇಳೂದಿಲ್ಲ. ಅಪಾಯ ಅನ್ನೂ ಕಡೆ ಈಗ ಆದದ್ದೆಲ್ಲಾ ಬರದ್ರ ಪುಣೇದವರು ಹೆದರ್ತಾರ. ಹೊಡದಾಟ ಇದ್ದಲ್ಲಿ ಅವರು ರೊಕ್ಕಾ ಹಾಕೂದು ಕಡಿಮಿ. ಮಳಿ ಸಾಲ ಹಂಗ ಇಟ್ರ ಮಂಜೂರ ಆದೀತು. ನಿಮ್ಮ ಇಷ್ಟಾ."

ಅನುಸೂಯಾ ಈ ಸಲ ಅವ್ವನ ಕಡೆ ತಿರುಗಿದಳು. "ಏನ ಮಾಡೂಣ ಬೇ? ನಿಜಾ ಬರದ್ರ ಅನುದಾನ ಹೋಗಬಹುದು. ಗಾಯರಾಣ ಹೋಗಬಹುದು."

ಭೀಮಾಬಾಯಿ ಟಗರಿನ ತಲೆಯನ್ನು ಮತ್ತೆ ಕಂಬಳಿಯಲ್ಲಿ ಸುತ್ತುತ್ತಿದ್ದಳು. "ಬರಲಿ, ಬಿಡಲಿ," ಎಂದಳು. "ಒಂದ ವರ್ಷಾತು, ಮೂಕ ಪ್ರಾಣಿ ತೆಲೀಮ್ಯಾಲ ನಮ್ಮ ಸುಳ್ಳ ಹೊರಿಸೀವಿ. ಮದ್ಲ ಅದನ್ನ ಇಳಸು."

ಅನುಸೂಯಾ ಎಡಗೈಯಲ್ಲಿ ಪೆನ್ನು ಹಿಡಿದಳು. ಅಭ್ಯಾಸವಿಲ್ಲದ ಕೈ, ಪೆನ್ನು ಎರಡು ಸಲ ಜಾರಿತು. ಮೂರನೇ ಸಲ ಮಳೆಯ ಸಾಲಿನ ಮೇಲೆ ಸೊಟ್ಟಗೆ ಒಂದು ಗೆರೆ ಎಳೆದು, ಅದರ ಕೆಳಗೆ ಸಂಗ್ರಾಮನ ಹೆಸರು ಬರೆಯತೊಡಗಿದಳು.